ಸನ್ನತಿಯ ಕಲ್ಲು, ಚಿಂಚೋಳಿಯ ನೀರು

(ಅಧ್ಯಯನ ಪ್ರವಾಸದ ಸಂಜೆ, ಚಿಂಚೋಳಿ ಗುಡ್ಡದ ಗ್ರಾಮಸ್ಥರೂ ವಿದ್ಯಾರ್ಥಿಗಳೂ ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಬೆಳಗಿನಿಂದ ಬಸ್ಸಿನಲ್ಲಿ ಕುಲುಕಿ ಬಂದವರಿಗೆ ಭಾಷಣ ಕೇಳಿಸುವುದು ಹಿಂಸೆಯೇ ಸರಿ. ಆದರೂ ನಾಳೆ ಕಣಿವೆಗೆ ಇಳಿಯುವ ಮುನ್ನ, ಇಂದು ಕಂಡದ್ದನ್ನು ಒಮ್ಮೆ ನೆನೆಯಬೇಕೆನಿಸುತ್ತದೆ.

ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ ನಾವು ಕಂಡ ಬೌದ್ಧಸ್ತೂಪ ಬಹುಕಾಲ ಮಣ್ಣಿನ ದಿಬ್ಬವಾಗಿತ್ತು. 1994ರಿಂದ ಕೆಲವು ವರ್ಷ ನಡೆದ ಉತ್ಖನನದಲ್ಲಿ ಶಾತವಾಹನರ ಕಾಲದ ಶಿಲ್ಪಫಲಕಗಳು ಹೊರಬಂದವು. ಅವುಗಳಲ್ಲೊಂದರ ಮೇಲೆ ಅಶೋಕನ ಚಿತ್ರವೂ ಅವನ ಹೆಸರೂ ಬ್ರಾಹ್ಮಿಯಲ್ಲಿ ಇವೆ. ಅಗೆದ ಬಳಿಕ ಎಷ್ಟೋ ವರ್ಷ ಆ ಫಲಕಗಳು ಬಿಸಿಲು ಮಳೆಗೆ ಬಯಲಲ್ಲೇ ಮಲಗಿದ್ದವು. ಭಿಕ್ಷುಗಳು ನಡೆದಾಡಿದ ನೆಲದಲ್ಲಿ ನಿಂತು ನಿಮ್ಮಲ್ಲೊಬ್ಬರು, "ಇಷ್ಟು ದಿನ ಇದನ್ನು ಕಾಪಾಡಿದವರು ಯಾರು?" ಎಂದು ಕೇಳಿದಿರಿ. ಮಣ್ಣು ಕಾಪಾಡಿತು. ಅದರ ಮೇಲೆ ಉತ್ತು ಬಿತ್ತಿದ ರೈತ ಆಳಕ್ಕೆ ಅಗೆಯಲಿಲ್ಲ, ಅಷ್ಟೇ.

ಶಾಸನದ ಕಥೆ ಬೇರೆ. 1986ರಲ್ಲಿ ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿ ಕುಸಿದಾಗ, ವಿಗ್ರಹದ ಪೀಠವೇ ಅಶೋಕನ ಶಾಸನವೆಂಬುದು ತಿಳಿಯಿತು. ವಿಗ್ರಹ ಕೂರಿಸಲು ನಡುವೆ ರಂಧ್ರ ಕೊರೆದುದರಿಂದ ಅಲ್ಲಿನ ಅಕ್ಷರಗಳು ಹೋಗಿವೆ. ಎಲ್ಲ ಮನುಷ್ಯರೂ ತನ್ನ ಮಕ್ಕಳೆಂದು ಅರಸನು ಅಧಿಕಾರಿಗಳಿಗೆ ತಿಳಿಹೇಳುವ ಪ್ರತ್ಯೇಕ ಶಾಸನಗಳು ಅದರಲ್ಲಿವೆ. ಅಲ್ಲಿಯವರೆಗೆ ಅವು ಒಡಿಶಾದ ಧೌಲಿ, ಜೌಗಡಗಳಲ್ಲಿ ಮಾತ್ರ ದೊರೆತಿದ್ದವು. ಕಲ್ಲು ಕೊರೆದವನನ್ನು ನಾನು ಬಯ್ಯಲಾರೆ. ಅವನಿಗೆ ಆ ಲಿಪಿ ಓದಲು ಬರುತ್ತಿರಲಿಲ್ಲ.

ಮಧ್ಯಾಹ್ನ ಸೇಡಂ ರಸ್ತೆ ಸೇರಿ ಮಳಖೇಡ ಕಂಡೆವು. ಅಮೋಘವರ್ಷ ನೃಪತುಂಗನ ಮಾನ್ಯಖೇಟ ಅದು. ಜಿನಸೇನಾಚಾರ್ಯರು, ಗಣಿತಜ್ಞ ಮಹಾವೀರಾಚಾರ್ಯರು ಆ ಅರಸನ ಆಶ್ರಯದ ಕಾಲದವರು. ಕ್ರಿ.ಶ. 972ರಲ್ಲಿ ಪರಮಾರ ಸೀಯಕ ಅದನ್ನು ಲೂಟಿ ಮಾಡಿದ. ಸ್ತೂಪದ ಫಲಕಗಳೂ ಸುಣ್ಣದ ಕಲ್ಲೇ. ಇದೇ ರಸ್ತೆಯ ಸಿಮೆಂಟ್ ಕಾರ್ಖಾನೆಗಳು ಬಯಸುವುದೂ ಸುಣ್ಣದ ಕಲ್ಲನ್ನೇ. ಒಂದು ಕಲ್ಲು ಎರಡು ಸಾವಿರ ವರ್ಷ ಕಥೆ ಹೇಳಿತು, ಇನ್ನೊಂದು ಲಾರಿ ಏರಿತು. ನಮ್ಮ ಮನೆಗಳಿಗೂ ಸಿಮೆಂಟು ಬೇಕು, ನಿಜ. ತೆಗೆದ ಗುಂಡಿಗಳನ್ನು ಏನು ಮಾಡುವಿರಿ ಎಂದು ಕೇಳುವ ಹಕ್ಕು ಅದರಿಂದ ಹೋಗುವುದಿಲ್ಲ.

ಈಗ ಈ ಗುಡ್ಡದ ಮಾತು. ಇಲ್ಲಿಯ ಹಳ್ಳಗಳ ನೀರು ಮುಲ್ಲಾಮಾರಿಗೆ, ಮುಲ್ಲಾಮಾರಿ ಕಾಗಿಣಾಕ್ಕೆ, ಕಾಗಿಣಾ ಭೀಮೆಗೆ ಸೇರಿ ಸನ್ನತಿಯ ಪಕ್ಕ ಹರಿಯುತ್ತದೆ. ನಾಳೆ ನೀವು ದಾಟುವ ಹಳ್ಳದ ನೀರೂ ಮುಂದೊಂದು ದಿನ ಆ ದಡವನ್ನು ಮುಟ್ಟುತ್ತದೆ. 2011ರಲ್ಲಿ ಈ ಕಾಡು ವನ್ಯಜೀವಿಧಾಮವಾಯಿತು. ತೋಳ, ಕತ್ತೆಕಿರುಬಗಳಿಗೆ ನೆಲೆ ಉಳಿಯಿತೆಂದು ನಾವು ಸಂತೋಷಪಟ್ಟೆವು. ಆದರೆ ಕಾಡಿನೊಳಗೆ ತಾಂಡಾಗಳಿವೆ. ಪರಿಸರದ ಹೆಸರಿನಲ್ಲಿ ಅವರನ್ನು ಮರೆತರೆ ನಮ್ಮ ಚಳವಳಿ ಅರ್ಧ ಸತ್ಯದ್ದಾಗುತ್ತದೆ.

2006ರ ಅರಣ್ಯ ಹಕ್ಕು ಕಾಯ್ದೆ ಅಭಯಾರಣ್ಯಗಳಿಗೂ ಅನ್ವಯಿಸುತ್ತದೆ. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಪಂಗಡದವರಲ್ಲ, ಪರಿಶಿಷ್ಟ ಜಾತಿಯವರು; ಹಾಗಾಗಿ 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಇಲ್ಲಿದ್ದುದಕ್ಕೆ ಸಾಕ್ಷ್ಯ ಕೊಡಬೇಕು. ಲೆಕ್ಕ ಹಾಕಿದರೆ 1930 ಆಗುತ್ತದೆ, ನಿಜಾಮರ ಕಾಲ. ಅಂದಿನ ಆಡಳಿತದ ಭಾಷೆ ಉರ್ದು. ಪೆಟ್ಟಿಗೆಯ ತಳದಲ್ಲಿ ಅಂಥ ಕಾಗದವಿದ್ದರೂ ಅದನ್ನು ಓದಿ ಹೇಳುವವರು ಯಾರು? ಬ್ರಾಹ್ಮಿ ಓದಲಾರದವನು ಶಾಸನಕ್ಕೆ ರಂಧ್ರ ಕೊರೆದ. ಉರ್ದು ಓದಲಾರದ ನಾವು ಈ ಕಾಗದಗಳನ್ನು ಒಲೆಗೆ ಹಾಕಬಾರದು.

ಕಾಗದವಷ್ಟೇ ಸಾಕ್ಷ್ಯವಲ್ಲ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದಕ್ಕೂ ಕಾನೂನಿನಲ್ಲಿ ಸ್ಥಾನವಿದೆ. ಹಳೆಯ ಬಾವಿ, ಸ್ಮಶಾನಗಳ ಗುರುತುಗಳಿಗೂ ಇದೆ. ಆದ್ದರಿಂದ ನಾಳೆಯ ನಡಿಗೆಗೆ ನೋಟುಪುಸ್ತಕ ತನ್ನಿ. ಹಿರಿಯರು ಬಾವಿ ತೋರಿಸಿದ ಕಡೆ ನಿಲ್ಲಿ, ಅವರ ಮಾತನ್ನು ಅವರದೇ ನುಡಿಯಲ್ಲಿ ಬರೆದುಕೊಳ್ಳಿ, ಓದಿ ಕೇಳಿಸಿ. ಉರ್ದು ಬಲ್ಲ ವಿದ್ಯಾರ್ಥಿಗಳು ಮಾತು ಮುಗಿದ ಮೇಲೆ ನನ್ನನ್ನು ಕಾಣಿರಿ. ಬೆಳಗ್ಗೆ ಆರಕ್ಕೆ ಹೊರಡುವುದು, ನೀರು ಹೊತ್ತುಕೊಳ್ಳುವುದು ಅವರವರ ಜವಾಬ್ದಾರಿ.