ಚಿತ್ರ ನೋಡುವುದೂ ಒಂದು ಓದು

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಶಿಕ್ಷಣದ ಬಗ್ಗೆ ಮಾತನಾಡುವವರು ಸಾಮಾನ್ಯವಾಗಿ ಗಣಿತ, ವಿಜ್ಞಾನ, ಇಂಗ್ಲಿಷ್ ಕುರಿತು ಹೇಳುತ್ತಾರೆ. ಅವು ಖಂಡಿತ ಬೇಕು. ಆದರೆ ಇಂದು ನಾನು ವೇಳಾಪಟ್ಟಿಯಲ್ಲಿ ಕೊನೆಯ ಪಿರಿಯಡ್ ಪಡೆಯುವ ಒಂದು ವಿಷಯದ ಬಗ್ಗೆ ಮಾತನಾಡುತ್ತೇನೆ. ಅದು ಚಿತ್ರಕಲೆ. ಪರೀಕ್ಷೆ ಹತ್ತಿರ ಬಂದರೆ ಆ ಒಂದು ಪಿರಿಯಡ್ ಕೂಡ ಗಣಿತಕ್ಕೆ ಹೋಗುತ್ತದೆ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಚಿತ್ರ ಬಿಡಿಸಿದ ಮಗುವಿಗೆ ಶಾಲೆಯಲ್ಲೂ ಬೈಗುಳ, ಮನೆಯಲ್ಲೂ ಬೈಗುಳ. "ಇದರಿಂದ ಹೊಟ್ಟೆ ತುಂಬುತ್ತದೆಯೇ?" ಎಂಬ ಪ್ರಶ್ನೆಯನ್ನು ನೀವೂ ಕೇಳಿರುತ್ತೀರಿ. ಕೆಲವರು ಇನ್ನೂ ಮುಂದೆ ಹೋಗಿ, "ಕಲೆಗೂ ನಮಗೂ ಏನು ಸಂಬಂಧ?" ಎನ್ನುತ್ತಾರೆ. ಎರಡಕ್ಕೂ ಉತ್ತರವಿದೆ. ಮೊದಲು ಎರಡನೆಯದನ್ನು ತೆಗೆದುಕೊಳ್ಳೋಣ.

ನೀವು ಉರ್ದು ತರಗತಿಯಲ್ಲಿ ಬರೆಯುವ ಅಲಿಫ್‌ನಿಂದಲೇ ಶುರು ಮಾಡೋಣ. ಖುಷ್‌ನವೀಸರು ತಮ್ಮ ಕಲಮ್ಮಿನ ತುದಿಯನ್ನು ಓರೆಯಾಗಿ ಕತ್ತರಿಸುತ್ತಾರೆ. ಅದನ್ನು ಕಾಗದದ ಮೇಲೆ ಒತ್ತಿದರೆ ವಜ್ರಾಕಾರದ ಒಂದು ನುಕ್ತ ಮೂಡುತ್ತದೆ. ಅಕ್ಷರ ಎಷ್ಟು ಎತ್ತರವಿರಬೇಕು, ಎಷ್ಟು ಬಾಗಬೇಕು ಎಂಬುದನ್ನೆಲ್ಲ ಆ ನುಕ್ತಗಳಿಂದಲೇ ಅಳೆಯುತ್ತಾರೆ. ಈ ಅಳತೆಯ ಪದ್ಧತಿಯನ್ನು ರೂಪಿಸಿದ ಕೀರ್ತಿ 10ನೆಯ ಶತಮಾನದ ಬಾಗ್ದಾದಿನ ಇಬ್ನ್ ಮುಕ್ಲಾ ಅವರಿಗೆ ಸಲ್ಲುತ್ತದೆ. ಬಿಜಾಪುರದ, ಅಂದರೆ ಇಂದಿನ ವಿಜಯಪುರದ, ಇಬ್ರಾಹಿಂ ರೋಜಾಕ್ಕೆ ಹೋದರೆ ಕಿಟಕಿಗಳನ್ನು ಗಮನಿಸಿ. ಅಲ್ಲಿ ಕಲ್ಲನ್ನು ಕೊರೆದು ಅಕ್ಷರಗಳನ್ನೇ ಜಾಲಂಧ್ರವಾಗಿಸಿದ್ದಾರೆ. ಬೆಳಕು ಅಕ್ಷರಗಳ ನಡುವಿನಿಂದ ಒಳಗೆ ಬರುತ್ತದೆ.

1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಆಸ್ಥಾನದಲ್ಲಿ ಸಂಗೀತಗಾರರಂತೆ ಚಿತ್ರಕಾರರಿಗೂ ಗೌರವವಿತ್ತು. ಆ ಕಾಲದ ಬಿಜಾಪುರದ ಪ್ರಸಿದ್ಧ 'ಯೋಗಿನಿ' ಚಿತ್ರ ಇಂದು ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಸಂಗ್ರಹದಲ್ಲಿದೆ. ನಮ್ಮ ನೆಲದ ಚಿತ್ರವನ್ನು ದೂರದ ದೇಶದವರು ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ನಮ್ಮ ಮಕ್ಕಳಿಗೆ ಅದರ ಹೆಸರೂ ಗೊತ್ತಿಲ್ಲ. ಇದು ಯೋಚಿಸಬೇಕಾದ ಮಾತು.

ಬೀದರಿನ ಬಿದ್ರಿ ಕೆಲಸವನ್ನೇ ನೋಡಿ. ಸತು ಮತ್ತು ತಾಮ್ರದ ಮಿಶ್ರಲೋಹವನ್ನು ಎರಕ ಹೊಯ್ದು, ಗೆರೆ ಕಾಣಲೆಂದು ಮೈಲುತುತ್ತದಿಂದ ತಾತ್ಕಾಲಿಕವಾಗಿ ಕಪ್ಪು ಮಾಡಿ, ಉಳಿಯಿಂದ ಕೊರೆದು, ಆ ಗೀರಿನಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಹಚ್ಚಿದಾಗ ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತ ಉಳಿಯುತ್ತದೆ. ಬಿದ್ರಿಗೆ 2006ರಲ್ಲಿ ಭೌಗೋಳಿಕ ಸೂಚ್ಯಂಕ ದೊರೆಯಿತು. ಬೀದರಿನ ಕುಶಲಕರ್ಮಿ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಈಗ ಹೇಳಿ, ಕಲೆಗೂ ನಮಗೂ ಸಂಬಂಧವಿಲ್ಲವೇ?

ವಿದ್ಯಾರ್ಥಿಗಳೇ, ಸಯ್ಯದ್ ಹೈದರ್ ರಜಾ ಅವರ ಹೆಸರು ನೆನಪಿಡಿ. 1922ರಲ್ಲಿ ಮಧ್ಯಪ್ರದೇಶದ ಒಂದು ಹಳ್ಳಿಯಲ್ಲಿ ಹುಟ್ಟಿದವರು. ಹುಡುಗನ ಮನಸ್ಸು ಪಾಠದಲ್ಲಿ ನಿಲ್ಲುತ್ತಿರಲಿಲ್ಲ. ಅವರ ಮೇಷ್ಟ್ರು ಹೊಡೆಯಲಿಲ್ಲ. ಗೋಡೆಯ ಮೇಲೆ ಒಂದು ಚುಕ್ಕೆ ಇಟ್ಟು, ಅದನ್ನೇ ನೋಡುತ್ತಿರು ಎಂದರು. ಮುಂದೆ ಫ್ರಾನ್ಸಿನಲ್ಲಿ ನೆಲೆಸಿ ದೊಡ್ಡ ಕಲಾವಿದರಾದ ರಜಾ ಅವರ ಚಿತ್ರಗಳ ಕೇಂದ್ರದಲ್ಲಿ 'ಬಿಂದು'ವೇ ಬಂದು ಕುಳಿತಿತು. 1947ರಲ್ಲಿ ಮುಂಬೈಯಲ್ಲಿ ಅವರೊಂದಿಗೆ ಪ್ರಗತಿಶೀಲ ಕಲಾವಿದರ ಗುಂಪಿನಲ್ಲಿದ್ದ ಎಂ.ಎಫ್. ಹುಸೇನ್ ಅವರು ಆರಂಭದಲ್ಲಿ ಸಿನಿಮಾ ಹೋರ್ಡಿಂಗ್‌ಗಳಿಗೆ ಬಣ್ಣ ಬಳಿದು ಹೊಟ್ಟೆ ಹೊರೆದವರು. ಬಡತನ ಕಲೆಗೆ ಅಡ್ಡಿಯಾಗಬೇಕೆಂದೇನೂ ಇಲ್ಲ.

ಇನ್ನು ಚಿತ್ರವನ್ನು ನೋಡುವುದು ಹೇಗೆ? ಪ್ರದರ್ಶನಕ್ಕೆ ಹೋದಾಗ ಎಲ್ಲ ಚಿತ್ರಗಳನ್ನೂ ನೋಡಿ ಮುಗಿಸುವ ಅವಸರ ಬೇಡ. ಮೂರೇ ಚಿತ್ರ ಆರಿಸಿಕೊಳ್ಳಿ. ಮೊದಲು ದೂರದಿಂದ ನೋಡಿ, ನಂತರ ಹತ್ತಿರ ಹೋಗಿ. ಬೆಳಕು ಎಲ್ಲಿಂದ ಬರುತ್ತಿದೆ, ಕಣ್ಣು ಮೊದಲು ಎಲ್ಲಿಗೆ ಹೋಯಿತು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಆಮೇಲೆ ಪಕ್ಕದ ಚೀಟಿ ಓದಿ. ಓದದಿದ್ದರೆ ಏನಾಗುತ್ತದೆ? ಮೈಸೂರಿನ ಜಗನ್ಮೋಹನ ಅರಮನೆಯ ಸಂಗ್ರಹಕ್ಕೆ ಸೇರಿದ, ಕೈಯಲ್ಲಿ ದೀಪ ಹಿಡಿದ ಹೆಣ್ಣಿನ ಚಿತ್ರವನ್ನು ಅನೇಕರು ರಾಜಾ ರವಿವರ್ಮನದು ಎಂದೇ ತಿಳಿದಿದ್ದಾರೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಆ ಚಿತ್ರವನ್ನು ಎಸ್.ಎಲ್. ಹಲ್ದಣಕರ್ ಅವರು ತಮ್ಮ ಮಗಳನ್ನೇ ಎದುರು ನಿಲ್ಲಿಸಿಕೊಂಡು 1940ರ ದಶಕದಲ್ಲಿ ಜಲವರ್ಣದಲ್ಲಿ ಬರೆದರು. ಚಿತ್ರ ಮೆಚ್ಚಿ ಚಿತ್ರಕಾರನನ್ನು ಮರೆಯುವುದು ನ್ಯಾಯವಲ್ಲ.

ಸಂಗ್ರಹ ಶ್ರೀಮಂತರ ಹವ್ಯಾಸ ಎಂದುಕೊಳ್ಳಬೇಡಿ. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆಯಲ್ಲಿ ಕಲಾವಿದರು ಕುಮಾರಕೃಪಾ ರಸ್ತೆಯಲ್ಲೇ ಕುಳಿತು ಚಿತ್ರ ಮಾರುತ್ತಾರೆ. ಬಡ ವಿದ್ಯಾರ್ಥಿಯೂ ಅಲ್ಲಿ ನೋಡಬಹುದು, ಬರೆದವರೊಡನೆ ಮಾತನಾಡಬಹುದು. ಅಚ್ಚಿನ ಚಿತ್ರದ ಕೆಳಗೆ 12/50 ಎಂದು ಪೆನ್ಸಿಲಿನಲ್ಲಿ ಬರೆದಿದ್ದರೆ, ತೆಗೆದ ಐವತ್ತು ಪ್ರತಿಗಳಲ್ಲಿ ಅದು ಹನ್ನೆರಡನೆಯದು ಎಂದರ್ಥ. ಏನೂ ಕೊಳ್ಳಲಾಗದಿದ್ದರೆ ಪ್ರದರ್ಶನದ ಆಮಂತ್ರಣ ಪತ್ರಿಕೆ, ಹಳೆಯ ಕ್ಯಾಲೆಂಡರಿನ ಚಿತ್ರ, ಅಂಚೆ ಚೀಟಿ ಕೂಡಿಡಿ. ಪ್ರತಿಯೊಂದರ ಹಿಂದೆಯೂ ಕಲಾವಿದರ ಹೆಸರು, ವರ್ಷ, ಊರು ಬರೆಯಿರಿ. ಹೆಸರು ಬರೆದಿಟ್ಟ ಸಂಗ್ರಹಕ್ಕೇ ಬೆಲೆ.

ಈಗ ಹೊಟ್ಟೆಯ ಪ್ರಶ್ನೆಗೆ ಬರೋಣ. ಪೋಷಕರೇ, ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜಿನಲ್ಲಿ ದೃಶ್ಯಕಲೆಯ ಪದವಿ ಕಲಿಯಲು ಅವಕಾಶವಿದೆ. ಪುಸ್ತಕದ ಮುಖಪುಟ, ಬಟ್ಟೆಯ ವಿನ್ಯಾಸ, ಜಾಹೀರಾತು, ಅನಿಮೇಷನ್, ಇವಕ್ಕೆಲ್ಲ ಚಿತ್ರ ಬಲ್ಲವರು ಬೇಕು. ಎಲ್ಲರೂ ಕಲಾವಿದರಾಗಬೇಕಿಲ್ಲ. ಸೂಕ್ಷ್ಮವಾಗಿ ನೋಡಲು ಕಲಿತ ಮಗು ವೈದ್ಯನಾದರೂ, ದರ್ಜಿಯಾದರೂ, ಬಡಗಿಯಾದರೂ ತನ್ನ ಕೆಲಸವನ್ನು ಇತರರಿಗಿಂತ ಅಚ್ಚುಕಟ್ಟಾಗಿ ಮಾಡುತ್ತದೆ.

ಸಂಘದ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ವರ್ಷಕ್ಕೊಮ್ಮೆ ಮಕ್ಕಳನ್ನು ಒಂದು ಚಿತ್ರಶಾಲೆಗೋ ಬಿದ್ರಿ ಕಾರ್ಖಾನೆಗೋ ಕರೆದೊಯ್ಯೋಣ. ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ಚಿತ್ರ ಕಲಿಯುವ ಒಬ್ಬ ಹುಡುಗನಿಗೆ, ಒಬ್ಬ ಹುಡುಗಿಗೆ ಜಾಗ ಕೊಡೋಣ. ನೋಟ್‌ಬುಕ್ಕಿನ ಕೊನೆಯ ಪುಟ ಕಂಡಾಗ ಬೈಯುವ ಮೊದಲು ಆ ಚಿತ್ರವನ್ನು ಒಂದು ನಿಮಿಷ ನೋಡೋಣ.