ವಾಟ ಹಿಡಿದ ಹಾದಿ: ಸೆಂಟ್ರಲ್ ಒಟಾಗೊದ ಜಲ್ಲಿದಾರಿಗಳ ಇತಿಹಾಸ

ಗ್ರಾವೆಲ್ ಸೈಕ್ಲಿಂಗ್ ಎಂದು ಈಚಿನ ವರ್ಷಗಳಲ್ಲಿ ಹೆಸರು ಪಡೆದಿರುವ ಸವಾರಿ, ಅಂದರೆ ಜಲ್ಲಿ ಮತ್ತು ಗರಸು ಹಾಸಿದ ಕಚ್ಚಾ ದಾರಿಗಳಲ್ಲಿ ದೂರದೂರಕ್ಕೆ ಸೈಕಲ್ ತುಳಿಯುವ ಹವ್ಯಾಸ, ಡಾಂಬರು ರಸ್ತೆಯ ವೇಗದ ಸವಾರಿಗೂ ಗುಡ್ಡಗಾಡಿನ ಕಡಿದಾದ ಕಾಲುದಾರಿಗಳ ಸವಾರಿಗೂ ನಡುವಿನದು. ಇದಕ್ಕೆ ಬಳಸುವ ಸೈಕಲ್ಲು ನೋಡುವುದಕ್ಕೆ ಪಂದ್ಯದ ಸೈಕಲ್ಲಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್ ಹೊಂದಿದ್ದರೂ ಅದರ ಟೈರುಗಳು 35ರಿಂದ 50 ಮಿಲಿಮೀಟರಿನಷ್ಟು ಅಗಲವಾಗಿರುತ್ತವೆ. ಅವುಗಳಲ್ಲಿ ಗಾಳಿಯ ಒತ್ತಡವನ್ನು ತಗ್ಗಿಸಿ ಇಡುವುದರಿಂದ ಟೈರು ಸಣ್ಣ ಕಲ್ಲುಗಳ ಮೇಲೆ ಪುಟಿಯದೆ, ಅವುಗಳ ಆಕಾರಕ್ಕೆ ತಾನೇ ತಗ್ಗಿ ನೆಲವನ್ನು ಹಿಡಿದುಕೊಳ್ಳುತ್ತದೆ. ಅಮೆರಿಕದ ಕಾನ್ಸಾಸ್ ರಾಜ್ಯದ ಎಂಪೋರಿಯಾದಲ್ಲಿ 2006ರಲ್ಲಿ ಆರಂಭವಾದ 200 ಮೈಲಿಗಳ ಪಂದ್ಯ ಈ ಸವಾರಿಗೆ ದೊಡ್ಡ ಪ್ರಚಾರ ತಂದಿತು. ಆದರೆ ಪಂದ್ಯಗಳ ಚರಿತ್ರೆಗಿಂತ ದಾರಿಗಳ ಚರಿತ್ರೆ ಹೆಚ್ಚು ಆಳವಾದುದು. ಬೆಟ್ಟ, ಸರೋವರ, ದ್ರಾಕ್ಷಿತೋಟ ಮೂರೂ ಒಂದೇ ದಿನದ ಸವಾರಿಯೊಳಗೆ ಒದಗುವ ನ್ಯೂಜಿಲೆಂಡಿನ ಸೆಂಟ್ರಲ್ ಒಟಾಗೊ ಸೀಮೆಯಲ್ಲಿ, ಹಿಂದೆ ನೀರಿಗಾಗಿ ಮತ್ತು ರೈಲಿಗಾಗಿ ಬೆಟ್ಟಗಳಿಗೆ ಕಡಿದು ಕೊಟ್ಟ ವಾಟವೇ, ಅಂದರೆ ಅಳತೆಗೆ ತಕ್ಕ ಅಲ್ಪ ಇಳಿಜಾರೇ, ಇಂದಿನ ಸೈಕಲ್ ದಾರಿಗಳ ನಿಜವಾದ ಆಸ್ತಿ ಎಂಬುದನ್ನು ಆ ಚರಿತ್ರೆ ತೋರಿಸುತ್ತದೆ.

ಸೆಂಟ್ರಲ್ ಒಟಾಗೊ ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ, ದಕ್ಷಿಣ ಅಕ್ಷಾಂಶ 45 ಡಿಗ್ರಿಯ ಆಸುಪಾಸಿನಲ್ಲಿದೆ. ಪಶ್ಚಿಮಕ್ಕಿರುವ ಸದರ್ನ್ ಆಲ್ಪ್ಸ್ ಪರ್ವತಗಳು ಸಮುದ್ರದಿಂದ ಬರುವ ಮೋಡಗಳ ನೀರನ್ನೆಲ್ಲ ತಮ್ಮಲ್ಲೇ ಇಳಿಸಿಕೊಳ್ಳುವುದರಿಂದ ಅವುಗಳ ಮರೆಯಲ್ಲಿರುವ ಈ ಸೀಮೆಗೆ ಬೀಳುವ ಮಳೆ ಬಹಳ ಕಡಿಮೆ. ಅಲೆಕ್ಸಾಂಡ್ರಾ ಊರಿನ ವಾರ್ಷಿಕ ಮಳೆ, ಕರ್ನಾಟಕದಲ್ಲಿ ಬರಕ್ಕೆ ಹೆಸರಾದ ಚಳ್ಳಕೆರೆಯ ಕಡೆ ಬೀಳುವುದಕ್ಕಿಂತಲೂ ಕಡಿಮೆ. ಬೇಸಿಗೆಯಲ್ಲಿ ಬಿಸಿಲು 30 ಡಿಗ್ರಿ ದಾಟಿದರೆ ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುತ್ತದೆ. ಇಲ್ಲಿನ ಬೆಟ್ಟಗಳ ಬಂಡೆಗೆ ಶಿಸ್ಟ್ ಎಂದು ಹೆಸರು. ಭೂಮಿಯೊಳಗಿನ ಒತ್ತಡ ಮತ್ತು ಶಾಖಕ್ಕೆ ಸಿಕ್ಕಿ ಪದರಪದರವಾಗಿ ರೂಪುಗೊಂಡ ಈ ಶಿಲೆಯಲ್ಲಿ ಕಾಗೆಬಂಗಾರದ ಅಂಶ ಹೆಚ್ಚಿರುವುದರಿಂದ ಒಡೆದರೆ ಹಲಗೆಯಂತೆ ಸೀಳುತ್ತದೆ, ಪುಡಿಯಾದರೆ ಬಿಸಿಲಿಗೆ ಮಿನುಗುತ್ತದೆ. ಗೋಡೆಗೂ ಸೇತುವೆಯ ಕಂಬಕ್ಕೂ ಈ ಕಲ್ಲೇ ಒದಗಿ ಬಂದಿದೆ.

ಮಾವೋರಿ ಜನರು, ಅವರಲ್ಲೂ ಕಾಯಿ ತಾಹು ಕುಲದವರು, ಬೇಟೆಗಾಗಿಯೂ ಪೌನಾಮು ಎಂಬ ಹಸಿರು ಕಲ್ಲಿಗಾಗಿಯೂ ಮಾತಾ-ಔ ನದಿಯ ಕಣಿವೆಗಳಲ್ಲಿ ನಡೆದಾಡುತ್ತಿದ್ದರು. ನಕ್ಷೆಗಳಲ್ಲಿ ಈ ನದಿ ಕ್ಲೂಥಾ ಎಂದೂ ಕಾಣಿಸುತ್ತದೆ. 1850ರ ದಶಕದ ಕೊನೆಗೆ ಕುರಿ ಸಾಕುವ ವಲಸಿಗರು ಬಂದರು. ಆದರೆ ಬೆಟ್ಟಗಳ ಮೈಯನ್ನು ಮೊದಲ ಸಲ ಕಡಿದು ಬದಲಿಸಿದ್ದು ಚಿನ್ನ. ಹೊರೇಷಿಯೊ ಹಾರ್ಟ್ಲಿ ಮತ್ತು ಕ್ರಿಸ್ಟೊಫರ್ ರೈಲಿ ಎಂಬ ಇಬ್ಬರು 1862ರ ಆಗಸ್ಟಿನಲ್ಲಿ 87 ಪೌಂಡು, ಅಂದರೆ ಸುಮಾರು 39 ಕಿಲೊ ಚಿನ್ನವನ್ನು ಡನೀಡಿನ್ ನಗರಕ್ಕೆ ತಂದೊಪ್ಪಿಸಿದಾಗ, ಅದು ಕ್ಲೂಥಾ ನದಿಯ ಕಮರಿಯಿಂದ ಬಂದದ್ದೆಂದು ತಿಳಿದ ಕೂಡಲೇ ಸಾವಿರಾರು ಜನ ಅತ್ತ ಧಾವಿಸಿದರು. ಕೆಲವು ವರ್ಷಗಳ ಬಳಿಕ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತದ ಕಾರ್ಮಿಕರೂ ಬಂದು, ಇತರರು ಬಿಟ್ಟುಹೋದ ಮಣ್ಣನ್ನು ಮತ್ತೆ ಜಾಲಿಸಿ ಬಾಳಿದರು.

ನದಿಯ ಅಂಚಿನ ಚಿನ್ನ ಬೇಗನೆ ಮುಗಿಯಿತು. ಉಳಿದದ್ದು ಎತ್ತರದ ದಿಣ್ಣೆಗಳ ಮಣ್ಣಿನಲ್ಲಿತ್ತು. ಅದನ್ನು ಬಿಡಿಸಲು ನೀರನ್ನು ರಭಸವಾಗಿ ಹಾಯಿಸಿ ದಿಣ್ಣೆಯನ್ನೇ ಕೊಚ್ಚಿ ಕೆಡಹಬೇಕಿತ್ತು. ಮಳೆಯಿಲ್ಲದ ಆ ನಾಡಿನಲ್ಲಿ ನೀರು ಇದ್ದದ್ದು ದೂರದ ಬೆಟ್ಟದ ತೊರೆಗಳಲ್ಲಿ. ಆದುದರಿಂದ ಗಣಿಗಾರರು ಬೆಟ್ಟದ ಸೊಂಟದ ಸುತ್ತ ಹಲವು ಕಿಲೊಮೀಟರ್ ಉದ್ದದ ಕಾಲುವೆಗಳನ್ನು ಗುದ್ದಲಿಯಿಂದ ತೋಡಿದರು. ವಾಟ ಹೆಚ್ಚಾದರೆ ನೀರು ಕಾಲುವೆಯ ಬದುವನ್ನೇ ಕೊರೆದುಕೊಂಡು ಹೋಗುತ್ತದೆ, ಕಡಿಮೆಯಾದರೆ ಹೂಳು ತುಂಬಿ ನಿಲ್ಲುತ್ತದೆ. ಆ ಎರಡರ ನಡುವಿನ ಹದವನ್ನು ಸಾಧಾರಣ ಉಪಕರಣಗಳಿಂದಲೇ ಸಾಧಿಸಿದ ಅವರ ಕೌಶಲ ನಿಜಕ್ಕೂ ಮೆಚ್ಚತಕ್ಕದ್ದು. ಇಂಥ ಕಾಲುವೆಗಳಲ್ಲಿ ಕೆಲವು ಮುಂದೆ ಹಣ್ಣಿನ ತೋಟಗಳಿಗೆ ನೀರುಣಿಸಿದವು, ಇನ್ನು ಕೆಲವು ಒಣಗಿ ನಡೆದಾಡುವವರ ದಾರಿಯಾದವು. ಕ್ರಾಮ್‌ವೆಲ್ ಊರಿನ ಬಳಿಯ ಬ್ಯಾನಕ್‌ಬರ್ನಿನಲ್ಲಿ ನೀರು ಕೊರೆದ ದಿಣ್ಣೆಗಳು ಇಂದಿಗೂ ಕಂದುಬಣ್ಣದ ಮೊಂಡು ಗೋಪುರಗಳಂತೆ ನಿಂತಿವೆ. ಗಣಿಗಾರರ ಕಾಲದಲ್ಲಿ ಬಂದ ಥೈಮ್ ಎಂಬ ಸುಗಂಧದ ಕುರುಚಲು ಗಿಡ ಅವುಗಳ ಸುತ್ತಲೂ ಹಬ್ಬಿ, ವಸಂತದಲ್ಲಿ ಇಡೀ ಇಳಿಜಾರನ್ನು ನೇರಳೆಯಾಗಿಸುತ್ತದೆ.

ಎರಡನೆಯ ವಾಟ ರೈಲಿನದು. ಡನೀಡಿನ್ನಿನ ಸಮೀಪದ ವಿಂಗಟುಯಿಯಿಂದ ಒಳನಾಡಿಗೆ ಒಟಾಗೊ ಸೆಂಟ್ರಲ್ ರೈಲುಮಾರ್ಗದ ಕೆಲಸ 1879ರಲ್ಲಿ ಆರಂಭವಾಯಿತು. ಹಣದ ಅಭಾವದಿಂದ ನಿಂತು ನಿಂತು ಸಾಗಿದ ಹಳಿ 1891ರಲ್ಲಿ ಮಿಡಲ್‌ಮಾರ್ಚ್ ಊರನ್ನೂ 1907ರಲ್ಲಿ ಕ್ಲೈಡ್ ಊರನ್ನೂ ಮುಟ್ಟಿ, 1921ರಲ್ಲಿ ಕ್ರಾಮ್‌ವೆಲ್ ಸೇರುವಷ್ಟರಲ್ಲಿ ನಾಲ್ಕು ದಶಕಗಳೇ ಕಳೆದಿದ್ದವು. ಉಗಿಬಂಡಿ ಭಾರ ಎಳೆದುಕೊಂಡು ಕಡಿದಾದ ಏರು ಹತ್ತಲಾರದು. ಆದುದರಿಂದ 50 ಅಡಿ ಮುಂದಕ್ಕೆ ಸಾಗಿದರೆ ಒಂದಡಿ ಮಾತ್ರ ಏರುವಂತೆ ಮಾರ್ಗದ ಮಿತಿಯನ್ನು ಇರಿಸಿಕೊಳ್ಳಲಾಯಿತು. ಆ ಮಿತಿಯನ್ನು ಪಾಲಿಸುವುದಕ್ಕಾಗಿ ಪೂಲ್‌ಬರ್ನ್ ಕಮರಿಯಲ್ಲಿ ಕಾರ್ಮಿಕರು ಶಿಸ್ಟ್ ಬಂಡೆಯಲ್ಲಿ ಸುರಂಗಗಳನ್ನು ಕೈಯಿಂದಲೇ ಕೊರೆದರು, ಅದೇ ಕಲ್ಲನ್ನು ಕೆತ್ತಿ ಎತ್ತರದ ಕಂಬಗಳನ್ನು ಕಟ್ಟಿ ತಳದಿಂದ 37 ಮೀಟರ್ ಎತ್ತರದಲ್ಲಿ ಸೇತುವೆ ನಿಲ್ಲಿಸಿದರು. ಇಂದು ಅದೇ ಸುರಂಗದೊಳಗೆ ಸೈಕಲ್ ತಳ್ಳಿಕೊಂಡು ಟಾರ್ಚ್ ಹಿಡಿದು ಹೋಗುವವರಿಗೆ, ಬಂಡೆಯ ಮೇಲೆ ಉಳಿ ಮತ್ತು ಸಿಡಿಮದ್ದು ಬಿಟ್ಟ ಗುರುತುಗಳು ಕೈಗೆಟಕುವಷ್ಟು ಹತ್ತಿರದಲ್ಲಿ ಕಾಣುತ್ತವೆ.

ರೈಲು ಬಂದು ಸೇರುವ ಮೊದಲೇ ಸೈಕಲ್ಲು ಈ ಕಚ್ಚಾ ರಸ್ತೆಗಳ ಮೇಲೆ ಓಡಾಡಿತ್ತೆಂಬುದಕ್ಕೆ ಹನ್ನಾ ಹೇಯ್ಸ್ ಎಂಬ ಮಹಿಳೆಯ ಬದುಕು ಸಾಕ್ಷಿ. ಆಕೆಯ ಪತಿ ಅರ್ನೆಸ್ಟ್ ಹೇಯ್ಸ್ ಇಂಗ್ಲೆಂಡಿನಿಂದ 1882ರಲ್ಲಿ ಬಂದವರು. ಒಟುರೆಹುವಾ ಎಂಬ ಹಳ್ಳಿಯಲ್ಲಿ 1895ರಲ್ಲಿ ಕೃಷಿ ಉಪಕರಣಗಳ ಕಾರ್ಖಾನೆ ಆರಂಭಿಸಿದರು. ಆಗ ಮೊಲಗಳ ಹಾವಳಿ ಬೆಟ್ಟಗಳ ಹುಲ್ಲನ್ನೇ ಬರಿದು ಮಾಡಿತ್ತು. ಮೊಲಗಳಿಗೆ ಇಡುವ ವಿಷದ ತೌಡನ್ನು ಕತ್ತರಿಸುವ ಯಂತ್ರವೇ ಆ ಕಾರ್ಖಾನೆಯ ಮೊದಲ ಸರಕು. ಬೇಲಿಯ ತಂತಿ ಬಿಗಿಯುವ ಅವರ ಸಲಕರಣೆ ಮುಂದೆ ಬೇರೆ ದೇಶಗಳಿಗೂ ಹೋಯಿತು. ಈ ಸರಕುಗಳಿಗೆ ಗಿರಾಕಿಗಳನ್ನು ಹುಡುಕಿಕೊಟ್ಟವರು ಹನ್ನಾ. ಮಕ್ಕಳ ತಾಯಿಯಾಗಿದ್ದ ಆಕೆ ಅಂದಿನ ಉದ್ದ ಲಂಗದಲ್ಲೇ ಸೈಕಲ್ ಏರಿ, ಫಾರಂನಿಂದ ಫಾರಂಗೆ ಕಲ್ಲುದಾರಿಯಲ್ಲಿ ಸಾಗುತ್ತ ಆರ್ಡರು ಬರೆದುಕೊಂಡು ಬರುತ್ತಿದ್ದರು. ಜಲ್ಲಿದಾರಿಯ ಸವಾರಿಯನ್ನು ಇಪ್ಪತ್ತೊಂದನೆಯ ಶತಮಾನದ ಆವಿಷ್ಕಾರವೆಂದು ಬಣ್ಣಿಸುವ ಬರಹಗಳಲ್ಲಿ ಈ ಹೆಣ್ಣುಮಗಳ ಹೆಸರು ಬರದಿರುವುದು ದೊಡ್ಡ ಲೋಪ. ಆಕೆಗೆ ಅದು ಹವ್ಯಾಸವಾಗಿರಲಿಲ್ಲ, ಮನೆ ನಡೆಯುವ ದಾರಿಯಾಗಿತ್ತು.

ದ್ರಾಕ್ಷಿಯ ಕತೆಯೂ ಚಿನ್ನದ ಬೆನ್ನ ಹಿಂದೆಯೇ ಬಂದದ್ದು. ಚಿನ್ನದಲ್ಲಿ ಒಂದಿಷ್ಟು ಗಳಿಸಿದ ಫ್ರೆಂಚ್ ವಲಸಿಗ ಝಾನ್ ಡೆಸಿರೆ ಫೆರೊ 1860ರ ದಶಕದಲ್ಲೇ ಕ್ಲೈಡ್ ಬಳಿ ಬಳ್ಳಿ ನೆಟ್ಟು ಮದ್ಯ ತಯಾರಿಸಿದರು. ಇಟಲಿಯ ಕೊನೆಲ್ಯಾನೊ ಶಾಲೆಯಲ್ಲಿ ದ್ರಾಕ್ಷಿ ಬೇಸಾಯ ಕಲಿತ ರೋಮಿಯೊ ಬ್ರಗಾಟೊ, ಸರ್ಕಾರದ ಆಹ್ವಾನದ ಮೇರೆಗೆ 1895ರಲ್ಲಿ ಬಂದು ನೋಡಿ, ಈ ಸೀಮೆ ದ್ರಾಕ್ಷಿಗೆ ಬಹಳ ಯೋಗ್ಯವೆಂದು ವರದಿ ಮಾಡಿದರು. ಅದು ಕಾರ್ಯಕ್ಕೆ ಬರುವುದಕ್ಕೆ ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ವಾನಾಕಾ ಸರೋವರದ ದಂಡೆಯಲ್ಲಿ ರಾಲ್ಫ್ ಮಿಲ್ಸ್, ಗಿಬ್‌ಸ್ಟನ್ ಕಣಿವೆಯಲ್ಲಿ ಅಲನ್ ಬ್ರೇಡಿ ಮೊದಲಾದವರು ಪ್ರಯೋಗವಾಗಿ ನೆಟ್ಟ ಬಳ್ಳಿಗಳು ಫಲ ಕೊಟ್ಟು, 1987ರಲ್ಲಿ ಗಿಬ್‌ಸ್ಟನ್ನಿನಿಂದ ಮಾರಾಟಕ್ಕೆ ಮದ್ಯ ಸಿದ್ಧವಾದ ಬಳಿಕವಷ್ಟೇ ಪಿನೊ ನ್ವಾರ್ ಎಂಬ ಕಪ್ಪು ದ್ರಾಕ್ಷಿ ತಳಿಗೆ ಈ ಸೀಮೆ ಹೆಸರಾಯಿತು. ಇಲ್ಲೂ ನಿರ್ಣಾಯಕವಾದದ್ದು ನೆಲದ ಇಳಿಜಾರೇ. ಭೂಮಧ್ಯರೇಖೆಯ ದಕ್ಷಿಣಕ್ಕಿರುವ ದೇಶಗಳಲ್ಲಿ ಸೂರ್ಯ ಉತ್ತರದ ಕಡೆ ವಾಲುವುದರಿಂದ ಉತ್ತರಕ್ಕೆ ಮುಖ ಮಾಡಿದ ಇಳುಕಲಿಗೆ ಬಿಸಿಲು ಹೆಚ್ಚು ಸಿಗುತ್ತದೆ. ರಾತ್ರಿಯ ತಣ್ಣನೆಯ ಗಾಳಿ ಭಾರವಾಗಿ ಕೆಳಗಿನ ತಗ್ಗಿಗೆ ಜಾರಿಹೋಗುವುದರಿಂದ ಇಳುಕಲಿನ ಬಳ್ಳಿಯ ಚಿಗುರು ವಸಂತದ ಹಿಮಕ್ಕೆ ಕರಕಲಾಗುವುದು ತಪ್ಪುತ್ತದೆ.

ಈ ಹೊತ್ತಿಗೆ ಕಣಿವೆಯಲ್ಲಿ ಬೇರೊಂದು ಬೃಹತ್ ಕಾಮಗಾರಿ ನಡೆದಿತ್ತು. ಕ್ಲೈಡ್ ಊರಿನ ಮೇಲ್ಭಾಗದಲ್ಲಿ ಕ್ಲೂಥಾ ನದಿಗೆ ಅಡ್ಡಲಾಗಿ ಕಾಂಕ್ರೀಟಿನ ಅಣೆಕಟ್ಟು ಎದ್ದು, 1992ರಿಂದ ನೀರು ತುಂಬಿಸಿದಾಗ ಡನ್‌ಸ್ಟನ್ ಸರೋವರ ಹುಟ್ಟಿತು. ಏಪ್ರಿಕಾಟ್ ಹಣ್ಣಿಗೆ ಹೆಸರಾದ ಕಮರಿಯ ತೋಟಗಳೂ, ಕ್ರಾಮ್‌ವೆಲ್ಲಿನ ಹಳೆಯ ಪೇಟೆಯ ದೊಡ್ಡ ಭಾಗವೂ, ಕವರಾವ್ ಮತ್ತು ಕ್ಲೂಥಾ ನದಿಗಳು ರಭಸದಿಂದ ಕೂಡುತ್ತಿದ್ದ ಸಂಗಮವೂ ನೀರಿನಡಿ ಸೇರಿದವು. ಈ ನಷ್ಟವನ್ನು ಸುಂದರ ಸರೋವರದ ವರ್ಣನೆಯಲ್ಲಿ ಮರೆಸಿಬಿಡುವುದು ಸರಿಯಲ್ಲ. ಕಮರಿಯ ಹಳಿ ಮುಳುಗುವುದು ಖಚಿತವಾಗಿದ್ದರಿಂದ ರೈಲನ್ನು 1980ರಲ್ಲೇ ಕ್ಲೈಡಿನವರೆಗೆ ಮೊಟಕುಗೊಳಿಸಲಾಗಿತ್ತು. ಉಳಿದ ಹಳಿ ಅಣೆಕಟ್ಟಿಗೆ ಬೇಕಾದ ಸಾಮಗ್ರಿಯನ್ನು ಹೊತ್ತು, ಆ ಸಾಗಣೆ ಮುಗಿದ ಮೇಲೆ 1990ರ ಏಪ್ರಿಲ್ ಕೊನೆಗೆ ತಾನೂ ಮುಚ್ಚಿಹೋಯಿತು.

ಹಳಿ ಕಿತ್ತ ದಾರಿಯನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಸುಲಭದ ಉತ್ತರ ಇರಲಿಲ್ಲ. ದೇಶದ ಸಂರಕ್ಷಣಾ ಇಲಾಖೆ 1993ರಲ್ಲಿ ಅದನ್ನು ವಶಕ್ಕೆ ತೆಗೆದುಕೊಂಡು ಸೈಕಲ್, ಕುದುರೆ ಮತ್ತು ಕಾಲ್ನಡಿಗೆಗೆ ಬಿಟ್ಟುಕೊಡಲು ಹೊರಟಾಗ, ಅಕ್ಕಪಕ್ಕದ ಅನೇಕ ರೈತರು ವಿರೋಧಿಸಿದರು: ದಾರಿಹೋಕರು ಗೇಟು ಮುಚ್ಚದೆ ಹೋದರೆ ಕುರಿಮಂದೆ ಚದುರೀತು, ಬೇಸಿಗೆಯ ಒಣಹುಲ್ಲಿಗೆ ಕಿಡಿ ಬಿದ್ದೀತು ಎಂಬ ಅವರ ಆತಂಕ ಆಧಾರವಿಲ್ಲದ್ದಲ್ಲ. ಕೆಲಸ ಮಾತ್ರ ನಿಲ್ಲಲಿಲ್ಲ. ಹಳಿಯ ಅಡಿಯ ದಪ್ಪ ಕಲ್ಲುಗಳನ್ನು ಸರಿಸಿ, ಮೇಲೆ ಸಣ್ಣ ಜಲ್ಲಿ ಹಾಸಿ ರೋಲರಿನಿಂದ ಗಟ್ಟಿಮಾಡಿ, ಬರಿಯ ತೊಲೆಗಳಷ್ಟೇ ಉಳಿದಿದ್ದ ಸೇತುವೆಗಳಿಗೆ ಹಲಗೆ ಹೊದಿಸಿ ಕೈತಡೆಗಳನ್ನು ಕೂಡಿಸಿ, ಮಿಡಲ್‌ಮಾರ್ಚಿನಿಂದ ಕ್ಲೈಡಿನವರೆಗೆ 152 ಕಿಲೊಮೀಟರಿನ ಒಟಾಗೊ ಸೆಂಟ್ರಲ್ ರೈಲ್ ಟ್ರೇಲ್ 2000ದಲ್ಲಿ ಪೂರ್ಣವಾಗಿ ತೆರೆಯಿತು. ರೈಲು ಹೋದ ಮೇಲೆ ಸೊರಗುತ್ತಿದ್ದ ಹಳ್ಳಿಗಳಲ್ಲಿ ವಸತಿಗೃಹಗಳು, ಉಪಾಹಾರದ ಅಂಗಡಿಗಳು, ಸೈಕಲ್ ಬಾಡಿಗೆಯ ಮಳಿಗೆಗಳು ತಲೆಯೆತ್ತಿದವು. ವಿರೋಧಿಸಿದ ಮನೆಗಳಲ್ಲೂ ಕೆಲವು ಬಳಿಕ ಸವಾರರಿಗೆ ಕೋಣೆ ಕೊಡತೊಡಗಿದವು. ಸಾಮಾನ್ಯ ಕಸುವಿನ ವೃದ್ಧರೂ ಮಕ್ಕಳೂ ಬೆಟ್ಟಸೀಮೆಯನ್ನು ದಾಟಲು ಸಾಧ್ಯವಾದದ್ದು ಆ ಹಳೆಯ 50ಕ್ಕೆ ಒಂದರ ಮಿತಿಯಿಂದಲೇ ಎಂಬುದನ್ನು ಒತ್ತಿ ಹೇಳಬೇಕು.

ಈ ಯಶಸ್ಸು ರಾಜಧಾನಿಯವರೆಗೂ ಮುಟ್ಟಿತು. ಆರ್ಥಿಕ ಹಿಂಜರಿತದ ನಡುವೆ 2009ರಲ್ಲಿ ಪ್ರಧಾನಿ ಜಾನ್ ಕೀ ಉದ್ಯೋಗ ಸೃಷ್ಟಿಗೆಂದು ಕರೆದ ಸಮಾವೇಶದಿಂದ ಹೊರಟ ಸಲಹೆ, 5 ಕೋಟಿ ನ್ಯೂಜಿಲೆಂಡ್ ಡಾಲರುಗಳ ರಾಷ್ಟ್ರೀಯ ಸೈಕಲ್ ದಾರಿ ಯೋಜನೆಯಾಗಿ ಬೆಳೆಯಿತು; 2012ರಲ್ಲಿ ತೆರೆದ ಕ್ವೀನ್ಸ್‌ಟೌನ್ ಟ್ರೇಲ್ ಅದರ ಫಲಗಳಲ್ಲೊಂದು. ವಾಕಟಿಪು ಸರೋವರದ ದಂಡೆಯಿಂದ ಹೊರಡುವ ಅದರ ಒಂದು ಕವಲು, ಚಿನ್ನದ ಕಾಲದಲ್ಲಿ 1880ರಲ್ಲಿ ಕಟ್ಟಿದ ಕವರಾವ್ ತೂಗುಸೇತುವೆಯನ್ನು ದಾಟಿ ಗಿಬ್‌ಸ್ಟನ್ನಿನ ದ್ರಾಕ್ಷಿಸಾಲುಗಳ ಅಂಚಿಗೆ ಬರುತ್ತದೆ. ಇಲ್ಲಿ ಹಲವೆಡೆ ನೆಲ ಖಾಸಗಿಯವರದು. ಮಾಲೀಕರೊಡನೆ ಕುಳಿತು ಮಾತಾಡಿ ಹಾದುಹೋಗುವ ಹಕ್ಕು ಪಡೆದ ತಾಳ್ಮೆಯ ಕೆಲಸ, ಜಲ್ಲಿ ಹಾಸಿದ ಕೆಲಸದಷ್ಟೇ ದೊಡ್ಡದು.

ಕ್ರಾಮ್‌ವೆಲ್ಲಿನಿಂದ ಕ್ಲೈಡಿಗೆ ಹೋಗುವ ಲೇಕ್ ಡನ್‌ಸ್ಟನ್ ಟ್ರೇಲ್ 2021ರ ಮೇ ತಿಂಗಳಲ್ಲಿ ತೆರೆದಾಗ ಈ ಚರಿತ್ರೆ ಹೊಸ ತಿರುವು ಪಡೆಯಿತು. ಇಲ್ಲಿ ಹಳೆಯ ವಾಟ ಉಳಿದಿರಲಿಲ್ಲ, ಅದು ಸರೋವರದ ತಳದಲ್ಲಿತ್ತು. ಒಂದು ದಂಡೆಯ ಮೇಲೆ ಹೆದ್ದಾರಿ, ಎದುರು ದಂಡೆಯಲ್ಲಿ ನೇರ ನೀರಿಗಿಳಿಯುವ ಬಂಡೆ. ಆದುದರಿಂದ ಬ್ಯಾನಕ್‌ಬರ್ನಿನ ದ್ರಾಕ್ಷಿತೋಟಗಳನ್ನು ದಾಟಿದ ದಾರಿ ಬಂಡೆಗೆ ಬೋಲ್ಟು ಹಾಕಿ ಕೂಡಿಸಿದ ಮರದ ಅಟ್ಟಣೆಗಳ ಮೇಲೆ ನೀರಿಗೆ ಚಾಚಿಕೊಂಡು, ಕೇರ್ನ್‌ಮ್ಯೂರ್ ಇಳುಕಲನ್ನು ತಿರುವು ತಿರುವಾಗಿ ಹತ್ತಿ, ತೂಗುಸೇತುವೆಯಿಂದ ಕೊರಕಲನ್ನು ದಾಟಬೇಕಾಯಿತು. ರೈಲ್ ಟ್ರೇಲಿನಲ್ಲಿ ಹಾಯಾಗಿ ಸಾಗಿದವರು ಇಲ್ಲಿ ಏದುಸಿರು ಬಿಡುತ್ತಾರೆ. ಸೈಕಲ್ಲಿಗಾಗಿಯೇ ಬೆಟ್ಟವನ್ನು ಕಡಿದು ವಾಟ ಕೊಡುವುದು ಎಷ್ಟು ಕಷ್ಟವೆಂಬುದು ಆ ಏರಿನಲ್ಲಿ ತಿಳಿಯುತ್ತದೆ. ಮುಂದೆ ಬ್ಯಾನಕ್‌ಬರ್ನನ್ನೂ ಗಿಬ್‌ಸ್ಟನ್ನನ್ನೂ ಕವರಾವ್ ಕಮರಿಯ ಮೂಲಕ ಬೆಸೆದು, ವಾಕಟಿಪು ದಂಡೆಯಿಂದ ಮಿಡಲ್‌ಮಾರ್ಚಿನವರೆಗೆ ದಾರಿಯನ್ನು ಒಂದಾಗಿಸುವ ಕೆಲಸವನ್ನೂ ಕೈಗೆತ್ತಿಕೊಳ್ಳಲಾಗಿದೆ. ಆ ಕಮರಿಯಲ್ಲಿ ರೈಲು ಎಂದೂ ಓಡಿರಲಿಲ್ಲವಾದುದರಿಂದ ಅಲ್ಲಿಯೂ ಪ್ರತಿ ಮೀಟರನ್ನು ಅದೇ ಶಿಸ್ಟ್ ಬಂಡೆಯಿಂದ ಹೊಸದಾಗಿ ಬಿಡಿಸಿಕೊಳ್ಳಬೇಕಾಗಿದೆ.