ಹಳೆಯ ಕೊರಳು, ಹೊಸ ಹಾಡು

(ನಮ್ಮ ಕೂಟದ ಸ್ಥಾಪನಾ ದಿನೋತ್ಸವದಂದು ಮಾಡಿದ ಭಾಷಣದ ಬರಹರೂಪ)



ಬಿಸಿಬೇಳೆಭಾತ್ ಆರುವ ಮೊದಲು ಭಾಷಣ ಮುಗಿಯಬೇಕೆಂದು ಕಾರ್ಯದರ್ಶಿಗಳು ಆಗಲೇ ಎಚ್ಚರಿಕೆ ಕೊಟ್ಟಿದ್ದಾರೆ. ನಾನು ಹಾಡುಗಾರನಲ್ಲ; ಇಷ್ಟು ವರ್ಷ ಈ ಸಭಾಂಗಣದ ಕುರ್ಚಿಗಳಲ್ಲಿ ಕುಳಿತು ಹಾಡು ಕೇಳಿದವನು. ಕೇಳುಗನ ಕಡೆಯಿಂದ ನಾಲ್ಕು ಮಾತು ಹೇಳಲು ಬಂದಿದ್ದೇನೆ.

ನನ್ನ ಪ್ರಶ್ನೆ ಇಷ್ಟೆ. ಹೆಸರು ಮಾಡಿ, ವಯಸ್ಸಾದ ಸಂಗೀತಗಾರರು ಹೊಸ ಹಾಡುಗಳನ್ನು ಕಟ್ಟುತ್ತಿರಬೇಕೆ? ಅಥವಾ ಜನ ಮೆಚ್ಚಿದ ಹಳೆಯ ಹಾಡುಗಳನ್ನೇ ಹಾಡಿಕೊಂಡು ಗೌರವದಿಂದ ಇದ್ದುಬಿಡಬೇಕೆ?

ಈ ದೇಶದಲ್ಲಿ ರಾಕ್ ಸಂಗೀತಗಾರರ ವಿಷಯದಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. ವೇದಿಕೆಯ ಮೇಲೆ ಹಿರಿಯ ಗಾಯಕ "ಇದು ನಮ್ಮ ಹೊಸ ಹಾಡು" ಎಂದೊಡನೆ ಅರ್ಧ ಸಭೆ ಬಿಯರು ತರಲು ಎದ್ದು ಹೋಗುತ್ತದೆ ಎಂಬುದು ಇಲ್ಲಿನ ಹಳೆಯ ನಗೆಚಾಟಿಕೆ. ನಾವು ನಗುವ ಮೊದಲು ನಮ್ಮನ್ನು ನೋಡಿಕೊಳ್ಳೋಣ. ನಮ್ಮ ಯುಗಾದಿ, ರಾಜ್ಯೋತ್ಸವಗಳಲ್ಲಿ ಯಾರಾದರೂ "ಇದು ನಾನೇ ರಾಗ ಹಾಕಿದ್ದು" ಎಂದರೆ ಆಗುವುದೇನು? ನಾವು ಬಿಯರಿಗೆ ಏಳುವುದಿಲ್ಲ, ಕಾಫಿಗೆ ಏಳುತ್ತೇವೆ. ವ್ಯತ್ಯಾಸ ಅಷ್ಟೆ.

ನಾವು ನೆಲೆಸಿರುವ ಈ ಬೇ ಏರಿಯಾ ಈ ಪ್ರಶ್ನೆಗೆ ಒಂದು ದೊಡ್ಡ ಪಾಠಶಾಲೆ. ಪಾಲೊ ಆಲ್ಟೊದಲ್ಲಿ 1965ರಲ್ಲಿ ಹುಟ್ಟಿದ ಗ್ರೇಟ್‌ಫುಲ್ ಡೆಡ್ ತಂಡದ ಹೆಸರು ನಮ್ಮ ಮಕ್ಕಳಿಗಾದರೂ ಗೊತ್ತು. ಆ ತಂಡಕ್ಕೆ ಸಾವಿರಾರು ಅಭಿಮಾನಿಗಳಿದ್ದರೂ ಜನಪ್ರಿಯತೆಯ ಪಟ್ಟಿಯ ಮೊದಲ ಹತ್ತರಲ್ಲಿ ಸ್ಥಾನ ಪಡೆದದ್ದು ಅವರ ಒಂದೇ ಒಂದು ಹಾಡು. ಅದೂ 1987ರಲ್ಲಿ, ತಂಡ ಹುಟ್ಟಿ 22 ವರ್ಷಗಳಾದ ಮೇಲೆ. 'ಟಚ್ ಆಫ್ ಗ್ರೇ' ಎಂಬ ಆ ಹಾಡು ಹೆಸರಿನಲ್ಲೇ ನರೆಗೂದಲನ್ನು ಇಟ್ಟುಕೊಂಡದ್ದು. ಅದರ ಮುಖ್ಯ ಗಾಯಕ ಜೆರ್ರಿ ಗಾರ್ಸಿಯಾ 1986ರಲ್ಲಿ ಸಕ್ಕರೆ ಕಾಯಿಲೆಯಿಂದ ಪ್ರಜ್ಞೆ ತಪ್ಪಿ, ಸಾವಿನ ಬಾಗಿಲಿನಿಂದ ಹಿಂತಿರುಗಿದ್ದರು. ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಆ ಹಾಡನ್ನು ಅವರು 1982ರಿಂದಲೇ ವೇದಿಕೆಯ ಮೇಲೆ ಹಾಡುತ್ತಿದ್ದರು. ಅಂದರೆ ಐದು ವರ್ಷ ಹಾಡಿದರು, ಐದು ವರ್ಷ ಜನ ಕೇಳಿದರು. ಆಮೇಲೆ ಅದು ಎಲ್ಲರ ಹಾಡಾಯಿತು. ಹೊಸ ಹಾಡು ಒಂದೇ ದಿನದಲ್ಲಿ ಹಳೆಯ ಹಾಡಿನಷ್ಟು ಪ್ರಿಯವಾಗಬೇಕೆಂದು ಕೇಳುವುದು ಸಸಿ ನೆಟ್ಟ ದಿನವೇ ಮಾವಿನಹಣ್ಣು ಕೇಳಿದ ಹಾಗೆ.

ಇನ್ನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೆಳೆದ ಕಾರ್ಲೋಸ್ ಸಂಟಾನ. ಮೆಕ್ಸಿಕೋದಿಂದ ವಲಸೆ ಬಂದ ಕುಟುಂಬದ ಹುಡುಗ, 1969ರ ವುಡ್‌ಸ್ಟಾಕ್ ಉತ್ಸವದಲ್ಲಿ ಗಿಟಾರ್ ನುಡಿಸಿ ಲೋಕಪ್ರಸಿದ್ಧನಾದ. ಆಮೇಲೆ ಕಾಲ ಬದಲಾಯಿತು. ತೊಂಬತ್ತರ ದಶಕದಲ್ಲಿ ಅವರ ದಿನಗಳು ಮುಗಿದವು ಎಂದೇ ಬಹಳ ಮಂದಿ ತಿಳಿದಿದ್ದರು. 1999ರಲ್ಲಿ, ಐವತ್ತು ದಾಟಿದ ಮೇಲೆ, 'ಸೂಪರ್‌ನ್ಯಾಚುರಲ್' ಬಂತು. ಅದರ 'ಸ್ಮೂತ್' ಹಾಡು 12 ವಾರ ಮೊದಲ ಸ್ಥಾನದಲ್ಲಿ ನಿಂತಿತು. ಮರುವರ್ಷದ ಗ್ರ್ಯಾಮಿ ಸಮಾರಂಭದಲ್ಲಿ ಸಂಟಾನ ಒಂದೇ ರಾತ್ರಿ ಎಂಟು ಪ್ರಶಸ್ತಿ ಪಡೆದರು. ಆದರೆ 'ಸ್ಮೂತ್' ಹಾಡನ್ನು ಬರೆದವರು ಅವರಲ್ಲ. ಇಟಾಲ್ ಶುರ್ ಮತ್ತು ರಾಬ್ ಥಾಮಸ್ ಎಂಬ ಕಿರಿಯರು. ಹಾಡಿದವರೂ ರಾಬ್ ಥಾಮಸ್. ಹಿರಿಯರ ಗಿಟಾರ್, ಕಿರಿಯರ ಪದ, ಕಿರಿಯರ ಕೊರಳು. ಈ ಮಾತನ್ನು ಸ್ವಲ್ಪ ಜ್ಞಾಪಕದಲ್ಲಿಡಿ, ಕೊನೆಗೆ ಬೇಕಾಗುತ್ತದೆ.

ಮೂರನೆಯವರು ಬರ್ಕ್ಲಿಯಲ್ಲಿ ಹುಟ್ಟಿ ಎಲ್ ಸೆರಿಟೊದಲ್ಲಿ ಬೆಳೆದ ಜಾನ್ ಫೊಗರ್ಟಿ. ಇವರ ಕಥೆ ವಿಚಿತ್ರವಾದದ್ದು. ಹತ್ತು ವರ್ಷ ಮೌನವಾಗಿದ್ದು 1985ರಲ್ಲಿ ಹೊಸ ಹಾಡುಗಳನ್ನು ತಂದರು, ಗೆದ್ದರು. ಆದರೆ ಅದರಲ್ಲಿನ ಒಂದು ಹಾಡು ಅವರದೇ ಹಳೆಯ ಹಾಡಿನ ನಕಲು ಎಂದು, ಹಳೆಯ ಹಾಡಿನ ಹಕ್ಕು ಹೊಂದಿದ್ದ ಸಂಸ್ಥೆ ಅವರ ಮೇಲೆ ದಾವೆ ಹೂಡಿತು! ಒಬ್ಬ ಮನುಷ್ಯ ತನ್ನ ಹಾಗೆಯೇ ಹಾಡಿದ ಎಂಬುದು ಆಪಾದನೆ. 1988ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನ್ಯಾಯಾಲಯದಲ್ಲಿ ಗಿಟಾರ್ ಹಿಡಿದು ನುಡಿಸಿ ತೋರಿಸಿ ಅವರು ಗೆದ್ದರು. ಹಿರಿಯ ಕಲಾವಿದನ ಇಕ್ಕಟ್ಟು ಇಲ್ಲಿ ಸ್ಪಷ್ಟವಾಗುತ್ತದೆ. ಹೊಸದು ಹಳೆಯದರಂತೆ ಇದ್ದರೆ "ಅದನ್ನೇ ತಿರುಗಿಸಿದ್ದಾರೆ" ಎನ್ನುತ್ತೇವೆ. ಬೇರೆಯಾಗಿದ್ದರೆ "ಮೊದಲಿನ ಹಾಗಿಲ್ಲ ಬಿಡಿ" ಎನ್ನುತ್ತೇವೆ. ಅತ್ತ ದರಿ, ಇತ್ತ ಪುಲಿ.

ಈ ಇಕ್ಕಟ್ಟು ನಮ್ಮ ನಾಡಿಗೆ ಹೊಸದೇನಲ್ಲ. ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' 1942ರಲ್ಲಿ ಪ್ರಕಟವಾದಾಗ ಅವರಿಗೆ 27 ವರ್ಷ. ಆಮೇಲೆ ಅವರು 2003ರವರೆಗೆ ಬದುಕಿದ್ದರು. ಅರುವತ್ತು ವರ್ಷಕ್ಕೂ ಮಿಕ್ಕಿ ಜನ ಅವರನ್ನು ಆ ಒಂದು ಪುಸ್ತಕದ ಕವಿ ಎಂದೇ ಕರೆದರು. ಅವರು ಮಾತ್ರ ಸುಮ್ಮನೆ ಕೂರಲಿಲ್ಲ. 'ಶಿಲಾಲತೆ'ಯಲ್ಲಿ ಬೇರೆ ದಾರಿ ಹಿಡಿದರು. 1976ರ 'ತೆರೆದ ಬಾಗಿಲು' ಸಂಕಲನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅರುವತ್ತು ದಾಟಿತ್ತು. ಇಂದಿಗೂ ಮದುವೆಮನೆಯಲ್ಲಿ ಹಾಡುವುದು ಮಲ್ಲಿಗೆಯ ಹಾಡುಗಳನ್ನೇ ಇರಬಹುದು. ಹಾಗೆಂದು 'ತೆರೆದ ಬಾಗಿಲು' ಬರೆಯದೇ ಇರಬೇಕಿತ್ತು ಎನ್ನುವ ಧೈರ್ಯ ನಮ್ಮಲ್ಲಿ ಯಾರಿಗಿದೆ?

ಸಿ. ಅಶ್ವತ್ಥ್ ಅವರನ್ನು ನೆನೆಯೋಣ. 'ಸಂತ ಶಿಶುನಾಳ ಶರೀಫ' ಚಿತ್ರ 1990ರದು, 'ನಾಗಮಂಡಲ' 1997ರದು. ಆಗ ಅವರಿಗೆ ಐವತ್ತೇಳು. ಕಾವ್ಯಕ್ಕೆ ರಾಗ ಹಾಕಿದವರೆಂಬ ಹೆಸರು ಎಂದೋ ಗಟ್ಟಿಯಾಗಿತ್ತು, ಸಾಕು ಎಂದಿದ್ದರೆ ಯಾರೂ ದೂರುತ್ತಿರಲಿಲ್ಲ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ನಡೆದಾಗ ಬರೀ ಭಾವಗೀತೆ ಕೇಳಲು ಅಷ್ಟು ದೊಡ್ಡ ಜನಸಾಗರ ಸೇರೀತೆಂದು ಯಾರು ಎಣಿಸಿದ್ದರು?

ಇನ್ನೂ ಹಿಂದಕ್ಕೆ ಹೋದರೆ ಮೈಸೂರು ವಾಸುದೇವಾಚಾರ್ಯರು. 1865ರಲ್ಲಿ ಹುಟ್ಟಿದ ಆಸ್ಥಾನ ವಿದ್ವಾಂಸರು. ಸುಮಾರು ತೊಂಬತ್ತರ ವಯಸ್ಸಿನಲ್ಲಿ ರುಕ್ಮಿಣೀದೇವಿಯವರ ಕರೆಯ ಮೇರೆಗೆ ಮದರಾಸಿನ ಕಲಾಕ್ಷೇತ್ರದಲ್ಲಿದ್ದು ರಾಮಾಯಣ ನೃತ್ಯನಾಟಕಗಳಿಗೆ ಸಂಗೀತ ರಚಿಸಿದರು. 1961ರಲ್ಲಿ ಅವರು ತೀರಿಕೊಂಡ ಮೇಲೆ ಉಳಿದ ಭಾಗವನ್ನು ಮೊಮ್ಮಗ ಎಸ್. ರಾಜಾರಾಂ ಪೂರೈಸಿದರು. ತಾತ ಅರ್ಧಕ್ಕೆ ಬಿಟ್ಟ ಕೆಲಸ ಎಂದಲ್ಲ, ತಾತ ಮೊಮ್ಮಗನಿಗೆ ಕೊಟ್ಟ ಕೆಲಸ ಎಂದು ನಾನು ಇದನ್ನು ತಿಳಿಯುತ್ತೇನೆ.

ಎದುರು ಪಕ್ಷದ ವಾದವನ್ನೂ ಕೇಳೋಣ. ಅದು ಹಗುರವಾದದ್ದಲ್ಲ. ವಯಸ್ಸಾದ ಮೇಲೆ ಬಂದ ಎಲ್ಲ ಹಾಡೂ ಚೆನ್ನಾಗಿರುವುದಿಲ್ಲ, ಸಪ್ಪೆಯಾದವೇ ಹೆಚ್ಚು. ನ್ಯೂಯಾರ್ಕಿನ ಬಿಲ್ಲಿ ಜೋಯೆಲ್ 1993ರ ನಂತರ ಜನಪ್ರಿಯ ಹಾಡುಗಳ ಹೊಸ ಸಂಪುಟ ತರುವುದನ್ನೇ ನಿಲ್ಲಿಸಿದರು. ಹಳೆಯ ಹಾಡುಗಳಿಂದಲೇ ಸಭಾಂಗಣ ತುಂಬಿಸಿದರು, ಜನ ಸಂತೋಷಪಟ್ಟರು. ಹೇಳುವುದಕ್ಕೆ ಇಲ್ಲದಾಗ ಸುಮ್ಮನಿರುವುದೂ ಒಂದು ಮರ್ಯಾದೆ. ನಮ್ಮ ಶಾಸ್ತ್ರೀಯ ಸಂಗೀತದಲ್ಲಂತೂ ಈ ಪ್ರಶ್ನೆ ಬಹಳ ಕಾಡುವುದಿಲ್ಲ. ಗಂಗೂಬಾಯಿ ಹಾನಗಲ್ ಅವರನ್ನು ಯಾರೂ "ಹೊಸ ಬಂದಿಶ್ ಎಲ್ಲಿ?" ಎಂದು ಕೇಳಲಿಲ್ಲ, ಹಳೆಯ ರಾಗವೇ ಅವರ ಕೊರಳಲ್ಲಿ ಪ್ರತಿ ಸಲವೂ ಹೊಸದಾಗುತ್ತಿತ್ತು.

ಇದೆಲ್ಲ ನಿಜ. ಆದರೂ ಅದೇ ಬಿಲ್ಲಿ ಜೋಯೆಲ್ 2024ರಲ್ಲಿ, 74ನೇ ವಯಸ್ಸಿನಲ್ಲಿ, ಒಂದು ಹೊಸ ಹಾಡು ಬಿಡುಗಡೆ ಮಾಡಿದರು. ಒಳಗೆ ಇದ್ದದ್ದು ಹೊರಗೆ ಬಾರದೆ ಇರಲಿಲ್ಲ. ಆದುದರಿಂದ ನನ್ನ ಉತ್ತರ ಹೀಗಿದೆ. ಹಿರಿಯರು ಹೊಸದನ್ನು ಕಟ್ಟಲೇಬೇಕು ಎಂಬ ಕಟ್ಟಳೆ ಬೇಡ. ಆದರೆ ಕಟ್ಟುವ ಮನಸ್ಸಿರುವವರನ್ನು "ಹಳೆಯದನ್ನೇ ಹಾಡಿ ಸಾರ್" ಎಂದು ತಡೆಯುವ ಹಕ್ಕು ಕೇಳುಗರಿಗಿಲ್ಲ.

ತಡೆದರೆ ಆಗುವ ನಷ್ಟ ಎಂಥದೆಂಬುದಕ್ಕೆ ನಮ್ಮ ಸಮೀಪದ್ದೇ ಉದಾಹರಣೆ ಇದೆ. ಮರಿನ್ ಕೌಂಟಿಯಲ್ಲಿ ಬಹುಕಾಲ ನೆಲೆಸಿದ್ದ ಉಸ್ತಾದ್ ಜಾಕಿರ್ ಹುಸೇನ್, ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಅವರೊಡನೆ ಎಪ್ಪತ್ತರ ದಶಕದಲ್ಲಿ ಕಟ್ಟಿದ ತಂಡ 'ಶಕ್ತಿ'. 1977ರ ನಂತರ ಆ ತಂಡದ ಹೆಸರಿನಲ್ಲಿ ಸ್ಟುಡಿಯೋದಲ್ಲಿ ತಯಾರಾದ ಹೊಸ ಸಂಪುಟ ಬಂದದ್ದು 2023ರಲ್ಲಿ. ಆಗ ಮೆಕ್‌ಲಾಫ್ಲಿನ್‌ಗೆ 81, ಜಾಕಿರ್‌ಗೆ 72. 2024ರ ಫೆಬ್ರವರಿಯಲ್ಲಿ ಅದಕ್ಕೆ ಗ್ರ್ಯಾಮಿ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಜಾಕಿರ್ ಹುಸೇನ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೀರಿಕೊಂಡರು. ಹಳೆಯದು ಸಾಕು ಎಂದು ಕೂತಿದ್ದರೆ ಆ ಸಂಗೀತ ಅವರೊಡನೆಯೇ ಹೋಗಿಬಿಡುತ್ತಿತ್ತು.

ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ. ದೊಡ್ಡವರ ಹೆಸರು ಹೇಳಿದ್ದು ಇದಕ್ಕಾಗಿಯೇ.

ಈ ಬೇ ಏರಿಯಾದಲ್ಲಿ ಹಗಲು ಕಂಪ್ಯೂಟರಿನ ಮುಂದೆ ಕುಳಿತು ರಾತ್ರಿ ಹಾರ್ಮೋನಿಯಂ ಮುಂದೆ ಕುಳಿತ ಕನ್ನಡಿಗರು ಎಷ್ಟು ಮಂದಿ! ಸಿಲಿಕಾನ್ ಕಣಿವೆಯ ಸಾಫ್ಟ್‌ವೇರ್ ಉದ್ಯಮಿ ಮನೋಮೂರ್ತಿಯವರು 'ಅಮೆರಿಕಾ ಅಮೆರಿಕಾ' ಚಿತ್ರಕ್ಕೆ, ಆಮೇಲೆ 2006ರ 'ಮುಂಗಾರು ಮಳೆ'ಗೆ ಸಂಗೀತ ಕೊಟ್ಟರು. ಆ ಮಳೆಗೆ ಹಾಡು ಬರೆದ ಜಯಂತ ಕಾಯ್ಕಿಣಿಯವರಿಗೂ ಆಗ ಐವತ್ತೊಂದು. ಕಥೆಗಾರರೆಂದು ಹೆಸರಾದ ಮೇಲೆ ಗೀತೆಗೆ ಕೈ ಹಾಕಿದವರು. ಕರ್ನಾಟಕದ ಹುಡುಗ ಹುಡುಗಿಯರೆಲ್ಲ ಗುನುಗಿದ ರಾಗಗಳ ಒಂದು ಬೇರು ಇಲ್ಲಿಯ ಮಣ್ಣಿನಲ್ಲಿದೆ ಎಂಬುದು ನಮಗೆ ಹೆಮ್ಮೆ.

ಆದರೆ ಚಿತ್ರರಂಗಕ್ಕೆ ಹೋಗದ, ನಮ್ಮ ವೇದಿಕೆಗಳಲ್ಲೇ ಹಾಡಿಕೊಂಡು ಬಂದ ಹಿರಿಯರ ಗತಿ? ಕೂಟದ ಆರಂಭದ ವರ್ಷಗಳಲ್ಲಿ ಶಾಲೆಯ ಸಭಾಂಗಣ ಬಾಡಿಗೆಗೆ ಹಿಡಿದು, ಮೈಕು ತಾವೇ ಹೊತ್ತು ತಂದು ಹಾಡಿದವರು ಇವರು. ಕೆಲವರು ತಾವೇ ಪದ ಬರೆದು ರಾಗ ಹಾಕಿದರು. ಅವು ಎರಡು ಮೂರು ಸಲ ಕೇಳಿಬಂದವು, ಆಮೇಲೆ ನಿಂತುಹೋದವು. ಇಂದು ಅವು ಇರುವುದು ಯಾರದೋ ಗ್ಯಾರೇಜಿನ ಕ್ಯಾಸೆಟ್ಟಿನಲ್ಲಿ, ಯಾರದೋ ಹಳೆಯ ಡೈರಿಯ ಪುಟದಲ್ಲಿ. ಕೆಲವರು ನಮ್ಮನ್ನು ಅಗಲಿ ಹೋದರು. ಅವರ ರಾಗಗಳನ್ನು ಹಾಡಬಲ್ಲವರು ಈಗ ಯಾರೂ ಇಲ್ಲ. ಊರಿನ ದೊಡ್ಡ ಗಾಯಕರ ಹಾಡು ಮರೆತರೆ ಅದನ್ನು ನೆನಪಿಸಲು ಕೋಟಿ ಜನರಿದ್ದಾರೆ. ನಮ್ಮವರ ಹಾಡನ್ನು ನಾವು ಮರೆತರೆ ಮುಗಿಯಿತು.

ಇನ್ನೊಂದು ಮಾತು. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ನಿಸಾರ್ ಅಹಮದರ 'ನಿತ್ಯೋತ್ಸವ' ಕ್ಯಾಸೆಟ್ ಬಂದಾಗ ಅದು ಕನ್ನಡಕ್ಕೇ ಹೊಸದು. ನಾವು ಇಂದು ಪರಂಪರೆ ಎಂದು ಕೈಮುಗಿಯುವುದು ಅಂದಿನವರು ಹೊಸ ಹಾಡಿಗೆ ಕಿವಿ ಕೊಟ್ಟಿದ್ದರಿಂದ ಉಳಿದದ್ದು. ಆ ಹಾಡುಗಳಲ್ಲಿ ಸಹ್ಯಾದ್ರಿ ಇದೆ, ತುಂಗೆ ಇದೆ. ಇರಲಿ, ಅವು ನಮ್ಮ ಉಸಿರು. ಆದರೆ ಇಲ್ಲೇ ಹುಟ್ಟಿದ ನಮ್ಮ ಮಕ್ಕಳು ತುಂಗೆಯನ್ನು ಬೇಸಗೆ ರಜೆಯಲ್ಲಿ ಮಾತ್ರ ಕಂಡವರು. ಗೋಲ್ಡನ್ ಗೇಟ್ ಸೇತುವೆಯ ಮೇಲೆ ಮಂಜು ಇಳಿಯುವುದನ್ನು, ರೆಡ್‌ವುಡ್ ಮರದ ಎತ್ತರವನ್ನು, ಫೋನಿನಲ್ಲಿ ಕೇಳುವ ಅಜ್ಜಿಯ ದನಿಯನ್ನು ಕನ್ನಡದಲ್ಲಿ ಹಾಡಬಲ್ಲವರು ಯಾರು? ಎರಡು ನೆಲವನ್ನೂ ಬಾಳಿ ಕಂಡ ಹಿರಿಯರು ತಾನೆ? ಮೂವತ್ತರ ವಯಸ್ಸಿನಲ್ಲಿ ವೀಸಾ, ಮನೆಸಾಲಗಳ ಚಿಂತೆಯಲ್ಲಿ ಅವರಿಗೆ ಇದನ್ನು ಬರೆಯಲು ಆಗುತ್ತಿರಲಿಲ್ಲ. ಈಗ ಆಗುತ್ತದೆ.

ಆದುದರಿಂದ ಕೂಟದ ಮುಂದೆ ಮೂರು ಸಣ್ಣ ಬೇಡಿಕೆ ಇಡುತ್ತೇನೆ.

ಒಂದು: ಪ್ರತಿ ಕಾರ್ಯಕ್ರಮದಲ್ಲಿ ಒಂದು ಹೊಸ ಹಾಡಿಗೆ ಜಾಗ ಇರಲಿ. ಅದನ್ನು ಊಟದ ಹೊತ್ತಿಗೆ ತಳ್ಳದೆ, ಎಲ್ಲರೂ ಕುಳಿತಿರುವಾಗ, ಎರಡು ಪರಿಚಿತ ಹಾಡುಗಳ ನಡುವೆ ಹಾಡಿಸಿ. ಯುಗಾದಿಯಲ್ಲಿ ಹಾಡಿದ್ದನ್ನೇ ರಾಜ್ಯೋತ್ಸವದಲ್ಲೂ ಹಾಡಿಸಿ. ಎರಡನೆಯ ಸಲ ಕೇಳಿದಾಗಲೇ ಹಾಡು ಕಿವಿಯಿಂದ ಮನಸ್ಸಿಗೆ ಇಳಿಯುವುದು.

ಎರಡು: ಹಿರಿಯರು ರಾಗ ಹಾಕಲಿ, ಕಿರಿಯರು ಹಾಡಲಿ, ಅಥವಾ ಸಂಟಾನ ಮಾಡಿದ ಹಾಗೆ ಕಿರಿಯರು ಬರೆಯಲಿ, ಹಿರಿಯರು ನುಡಿಸಲಿ. ಕೊರಳು ದಣಿದರೂ ಕಿವಿ, ಕಲ್ಪನೆ ದಣಿದಿರುವುದಿಲ್ಲ. ಅಜ್ಜನ ಹಾಡನ್ನು ಮೊಮ್ಮಗಳು ಹಾಡಿದರೆ ಅವಳ ಕನ್ನಡವೂ ತಿದ್ದಿಕೊಳ್ಳುತ್ತದೆ.

ಮೂರು: ಗ್ಯಾರೇಜಿನ ಕ್ಯಾಸೆಟ್ಟುಗಳನ್ನು ಹೊರತೆಗೆಯಿರಿ. ಯಾರ ಮನೆಯಲ್ಲಿ ನಮ್ಮವರ ಹಳೆಯ ಧ್ವನಿಮುದ್ರಣ ಇದೆಯೋ ಅವರು ಸಮಿತಿಗೆ ಕೊಡಿ. ಯುವಕರು ಅದನ್ನು ಕಂಪ್ಯೂಟರಿಗೆ ಇಳಿಸಿ ಕಾಪಾಡಲಿ. ಟೇಪು ನಮ್ಮ ಹಾಗೆಯೇ, ಕಾಯುತ್ತಾ ಕೂರುವುದಿಲ್ಲ.

ಹಾಡುವ ಹಿರಿಯರೆ, ತಮ್ಮಲ್ಲಿ ಒಂದು ವಿನಂತಿ. "ಇನ್ನು ನಮ್ಮದೇನು, ಮಕ್ಕಳು ಹಾಡಲಿ" ಎಂದು ತಾವು ಹೇಳುವುದನ್ನು ಕೇಳುತ್ತಲೇ ಇದ್ದೇನೆ. ಮಕ್ಕಳು ಹಾಡುತ್ತಾರೆ, ಆದರೆ ಅವರು ಹಾಡಬೇಕಾದ ಹಾಡು ತಮ್ಮ ಬಳಿ ಇದೆ. ಡೈರಿಯ ಆ ಪುಟ ತೆರೆಯಿರಿ. ಮುಂದಿನ ಯುಗಾದಿಗೆ ಒಂದು ಹೊಸ ಹಾಡು ಕೊಡಿ. ಅಂದು ನಾವು ಕೇಳುಗರು ಯಾರೂ ಕಾಫಿಗೆ ಏಳುವುದಿಲ್ಲ ಎಂದು ಈ ಸಭೆಯ ಪರವಾಗಿ ನಾನು ಮಾತು ಕೊಡುತ್ತೇನೆ.

ಸಿರಿಗನ್ನಡಂ ಗೆಲ್ಗೆ.